ಮನಸ್ಸಿನ ಆಪತ್ಕಾಲದಲ್ಲಿ ಗ್ರಾಮದ ಯಜಮಾನರ ಕರ್ತವ್ಯ

ವ್ಯವಸಾಯಕ್ಕೆ ನೀರು, ಗೊಬ್ಬರ, ಬಿತ್ತನೆಯ ಬೀಜ ಇವು ಎಷ್ಟು ಆವಶ್ಯಕವೋ, ಆರಂಭಗಾರನ ಮನಃಸ್ವಾಸ್ಥ್ಯವೂ ಅಷ್ಟೇ ಆವಶ್ಯಕವಾದುದು. ಎತ್ತಿನ ಕಾಲಿಗೆ ಪೆಟ್ಟಾದರೆ ಆ ದಿವಸವೇ ಪಶುವೈದ್ಯರನ್ನು ಕರೆಸುವ ನಮ್ಮ ರೈತರಲ್ಲಿ, ಮನೆಯ ಮನುಷ್ಯನೊಬ್ಬನ ಮನಸ್ಸಿಗೆ ಪೆಟ್ಟಾದರೆ ಮಾತ್ರ ಅದನ್ನು ಮುಚ್ಚಿಡುವುದೂ, ಗ್ರಹಚಾರವೆಂದು ಸುಮ್ಮನಿರುವುದೂ ವಾಡಿಕೆಯಾಗಿದೆ. ಇಂತಹ ಆಪತ್ತಿನ ಮೊದಲ ಕೆಲವು ಗಂಟೆಗಳಲ್ಲಿ ವೈದ್ಯರು ಸಮೀಪದಲ್ಲಿರುವುದಿಲ್ಲ. ಸಮೀಪದಲ್ಲಿರುವವರು ನೆರೆಹೊರೆಯವರು ಮತ್ತು ಊರಿನ ಯಜಮಾನರು. ಆ ಹೊತ್ತಿನಲ್ಲಿ ಇವರು ನಡೆದುಕೊಳ್ಳುವ ರೀತಿಯಿಂದ ಒಂದು ಪ್ರಾಣವು ಉಳಿಯಬಹುದು. ಆದಕಾರಣ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಮತ್ತು ಅದರ ಸುತ್ತಣ ಗ್ರಾಮಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈ ಸೀಮೆಯಲ್ಲಿ ರಾಗಿ, ತೆಂಗು, ಮಾವುಗಳೊಡನೆ ಹಿಪ್ಪುನೇರಳೆಯ ಬೇಸಾಯವೂ ರೇಷ್ಮೆಹುಳುವಿನ ಸಾಕಣೆಯೂ ಉಂಟು. ಕೊಳವೆಬಾವಿಯು ಬತ್ತಿದರೆ, ಒಂದು ಬೆಳೆಯ ಹುಳುವಿಗೆ ರೋಗ ತಗಲಿದರೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಧಾರಣೆ ಇಳಿದರೆ, ಸಾಲವು ಒಮ್ಮೆಗೇ ಮೇಲೆ ಬೀಳುತ್ತದೆ. ಆದರೆ ಮನಸ್ಸು ಕೆಡುವುದಕ್ಕೆ ಸಾಲವೊಂದೇ ಕಾರಣವಲ್ಲ. ಕುಡಿತ, ವಾಸಿಯಾಗದ ಖಾಯಿಲೆ, ಮನೆಯ ಜಗಳ, ಸಾವಿನ ದುಃಖ, ಮಿದುಳಿಗೆ ಸಂಬಂಧಿಸಿದ ರೋಗ ಇವೆಲ್ಲವೂ ಕಾರಣಗಳಾಗಬಹುದು.

ಚಿಕಿತ್ಸೆಯು ಗ್ರಾಮಕ್ಕೆ ಬಂದ ಬಗೆ

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ ಮೈಸೂರು ಸರ್ಕಾರವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. ಅದೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಾಯಿತು. ರೋಗಿಗಳು ಬೆಂಗಳೂರಿಗೆ ಬರುವವರೆಗೆ ಕಾಯದೆ ಚಿಕಿತ್ಸೆಯನ್ನೇ ಗ್ರಾಮಗಳಿಗೆ ಒಯ್ಯಬೇಕೆಂದು ಈ ಸಂಸ್ಥೆಯವರು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರವನ್ನು ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕೆಲಸಗಾರರಿಗೂ ಸ್ವಲ್ಪಕಾಲದ ಶಿಕ್ಷಣವನ್ನು ಕೊಟ್ಟರೆ ಅವರೇ ಬಹುಮಂದಿಗೆ ಚಿಕಿತ್ಸೆ ಮಾಡಬಲ್ಲರೆಂಬುದು ಅಲ್ಲಿ ಗೊತ್ತಾಯಿತು. 1985ರಲ್ಲಿ ಇದೇ ಕ್ರಮವನ್ನು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಲಾಯಿತು. ಅದರ ಮಾದರಿಯಲ್ಲಿಯೇ 1996ರಲ್ಲಿ ಭಾರತ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಹೀಗಿದ್ದರೂ, ರೋಗಿಯನ್ನು ಗುರುತಿಸಿ ಆಸ್ಪತ್ರೆಯ ಬಾಗಿಲಿಗೆ ತಲುಪಿಸುವ ಕೆಲಸವು ಊರಿನವರದಾಗಿಯೇ ಉಳಿದಿದೆ.

ಆಪತ್ತನ್ನು ಗುರುತಿಸುವುದು

ಸಾಕಣೆಯ ಮನೆಯಲ್ಲಿ ಹುಳುವು ಸೊಪ್ಪನ್ನು ಸರಿಯಾಗಿ ತಿನ್ನದಿದ್ದರೆ ಅನುಭವಶಾಲಿಯಾದ ರೈತನು ಆ ಕ್ಷಣವೇ ಎಚ್ಚರಗೊಳ್ಳುವನು. ಮನುಷ್ಯನ ವಿಷಯದಲ್ಲಿಯೂ ಇದೇ ಎಚ್ಚರವು ಬೇಕು. ಊಟ ನಿದ್ರೆಗಳನ್ನು ಬಿಡುವುದು, ತೋಟದ ಕಡೆಗೆ ಹೋಗದಿರುವುದು, ಜನರನ್ನು ಕಂಡು ಮರೆಯಾಗುವುದು, ತಾನು ಇದ್ದು ಪ್ರಯೋಜನವಿಲ್ಲವೆಂದು ಆಡುವುದು, ದನಗಳನ್ನೂ ಪತ್ರಗಳನ್ನೂ ಕಾರಣವಿಲ್ಲದೆ ಇತರರಿಗೆ ಒಪ್ಪಿಸುವುದು ಇವು ಗಮನಿಸಬೇಕಾದ ಲಕ್ಷಣಗಳು. ಸಾಯುವೆನೆಂದು ಹೇಳುವವನು ಸಾಯುವುದಿಲ್ಲವೆಂಬ ಮಾತು ಸುಳ್ಳು. ಅಂತಹ ಮಾತನ್ನು ಹಗುರವಾಗಿ ತೆಗೆದುಕೊಳ್ಳಕೂಡದು.

ಇನ್ನೆರಡು ಸಂದರ್ಭಗಳನ್ನು ಗ್ರಾಮಗಳಲ್ಲಿ ದೆವ್ವದ ಚೇಷ್ಟೆಯೆಂದು ತಪ್ಪಾಗಿ ತಿಳಿಯುವುದುಂಟು. ಬಹುಕಾಲದಿಂದ ವಿಪರೀತವಾಗಿ ಕುಡಿಯುತ್ತಿದ್ದವನು ಒಮ್ಮೆಗೇ ಕುಡಿತವನ್ನು ಬಿಟ್ಟರೆ, ಎರಡು ಮೂರು ದಿನಗಳಲ್ಲಿ ಕೈಕಾಲು ನಡುಗಿ, ಇಲ್ಲದ್ದನ್ನು ಕಂಡಂತೆ ಬೆದರಿ, ದಿಕ್ಕುತೋಚದವನಾಗಬಹುದು. ಇದು ಪ್ರಾಣಾಪಾಯದ ಸ್ಥಿತಿ. ಹಾಗೆಯೇ ಹೆರಿಗೆಯಾದ ಕೆಲವು ವಾರಗಳೊಳಗೆ ಬಾಣಂತಿಯು ನಿದ್ರೆಗೆಟ್ಟು, ಅಸಂಬದ್ಧವಾಗಿ ಮಾತನಾಡಿ, ಮಗುವನ್ನು ಕಂಡು ಅಂಜಿದರೆ, ಅದು ಗಾಳಿಸೋಂಕಲ್ಲ, ರೋಗ. ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡಬಾರದು. ಈ ಎರಡಕ್ಕೂ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆಯುಂಟು. ಮಂತ್ರವಾದಿಯ ಮನೆಯಲ್ಲಿ ಕಳೆದ ದಿವಸಗಳೆಲ್ಲವೂ ನಷ್ಟವೇ.

ಆ ಹೊತ್ತಿನಲ್ಲಿ ಮಾಡತಕ್ಕ ಕೆಲಸ

1. ಮೊದಲನೆಯದಾಗಿ, ಆ ಮನುಷ್ಯನನ್ನು ಒಂಟಿಯಾಗಿ ಬಿಡಕೂಡದು. ಅವನಿಗೆ ವಿಶ್ವಾಸವಿರುವ ಒಬ್ಬಿಬ್ಬರು ಮಾತ್ರ ಜೊತೆಯಲ್ಲಿರತಕ್ಕದ್ದು. ಗುಂಪು ಸೇರುವುದನ್ನು ಯಜಮಾನರು ತಡೆಯಬೇಕು.

2. ಅವನ ಸಮೀಪದಲ್ಲಿ ಕುಳಿತು, ಮೆಲ್ಲನೆ ಮಾತನಾಡಿಸಬೇಕು. “ಏನಪ್ಪಾ, ನಾಲ್ಕು ದಿವಸದಿಂದ ತೋಟದ ಕಡೆ ಕಾಣಲಿಲ್ಲ, ಊಟ ಸೇರುತ್ತಿದೆಯೇ?” ಎಂದು ಕೇಳಿದರೆ ಸಾಕು. ಅವನು ಹೇಳುವುದನ್ನು ಪೂರ್ತಿಯಾಗಿ ಕೇಳಬೇಕು. ಬೈಯುವುದು, ನೀತಿ ಹೇಳುವುದು, ಇತರರೊಡನೆ ಹೋಲಿಸುವುದು ಇವುಗಳಿಂದ ಹಾನಿಯೇ ಹೆಚ್ಚು.

3. “ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇನಪ್ಪಾ?” ಎಂದು ನೇರವಾಗಿ ಕೇಳಲು ಹಿಂಜರಿಯಬಾರದು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆಯು ಹುಟ್ಟುವುದಿಲ್ಲವೆಂದು ವೈದ್ಯಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಒಳಗೆ ಅದುಮಿಟ್ಟುದನ್ನು ಹೇಳಿಕೊಳ್ಳಲು ಅವನಿಗೆ ದಾರಿಯಾಗುತ್ತದೆ.

4. ಕೀಟನಾಶಕ ಮತ್ತು ಇತರ ಅಪಾಯದ ಸಾಮಾನುಗಳನ್ನು ಆ ಮನೆಯಿಂದ ಕೂಡಲೇ ತೆಗೆಸತಕ್ಕದ್ದು.

5. ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಯು 2022ನೆಯ ಅಕ್ಟೋಬರ್ 10ರಂದು ಆರಂಭವಾಗಿದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಂಕಟದಲ್ಲಿರುವವನು ಮಾತ್ರವಲ್ಲದೆ ಅವನ ಪರವಾಗಿ ಯಜಮಾನರೂ ಸಲಹೆ ಕೇಳಬಹುದು.

6. ಅಪಾಯವು ಹೆಚ್ಚಾಗಿದ್ದರೆ 108ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಿ ಚನ್ನಪಟ್ಟಣದ ಆಸ್ಪತ್ರೆಗೆ ಸೇರಿಸಬೇಕು. ಮನೋವೈದ್ಯರು ಯಾವ ದಿವಸ ಬರುವರೆಂಬುದನ್ನು ಆಸ್ಪತ್ರೆಯಲ್ಲಿ ಮುಂಚಿತವಾಗಿಯೇ ವಿಚಾರಿಸಿ ಪಂಚಾಯತಿಯ ಕಛೇರಿಯಲ್ಲಿ ಬರೆದು ಹಾಕಿಸುವುದು ಒಳ್ಳೆಯದು.

ಕೀಟನಾಶಕಗಳ ವಿಚಾರ

ನಮ್ಮ ರೈತರು ‘ಔಷಧಿ’ ಎಂದು ಕರೆಯುವ ಕೀಟನಾಶಕವು ಎಂತಹ ವಿಷವೆಂಬುದನ್ನು ರೇಷ್ಮೆ ಸಾಕುವವರು ಬಲ್ಲರು. ಪಕ್ಕದ ಹೊಲಕ್ಕೆ ಹೊಡೆದುದರ ಸೋಂಕು ಸೊಪ್ಪಿಗೆ ತಗಲಿದರೂ ಹುಳುಗಳು ಸಾಯುತ್ತವೆ. ಪ್ರಾಣ ಕಳೆದುಕೊಳ್ಳಬೇಕೆಂಬ ಆವೇಗವು ಅನೇಕರಲ್ಲಿ ಸ್ವಲ್ಪ ಹೊತ್ತು ಮಾತ್ರ ಇದ್ದು ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ವಿಷವು ಕೈಗೆ ಸಿಗದಿದ್ದರೆ ಪ್ರಾಣವು ಉಳಿಯುತ್ತದೆ.

ಶ್ರೀಲಂಕೆಯ 180 ಗ್ರಾಮಗಳಲ್ಲಿ ಮನೆಮನೆಗೂ ಬೀಗದ ಪೆಟ್ಟಿಗೆಗಳನ್ನು ಕೊಟ್ಟು ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪೆಟ್ಟಿಗೆಗಳಿಂದ ಗುಣವು ಕಾಣಲಿಲ್ಲ. ಬೀಗದ ಕೈಯೂ ಅದೇ ಮನೆಯಲ್ಲಿ ಇರುವುದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಅದೇ ದೇಶದಲ್ಲಿ ಅತಿ ತೀಕ್ಷ್ಣವಾದ ವಿಷಗಳ ಮಾರಾಟವನ್ನು ನಿಷೇಧಿಸಿದ ಮೇಲೆ ಇಂತಹ ಮರಣಗಳು ಬಹಳವಾಗಿ ಕಡಿಮೆಯಾದವು. ಭಾರತ ಸರ್ಕಾರವೂ 2018ರ ಆಜ್ಞೆಯಿಂದ 18 ಕೀಟನಾಶಕಗಳನ್ನು ನಿಷೇಧಿಸಿತು. ಅವುಗಳಲ್ಲಿ ಫೋರೇಟ್, ಡೈಕ್ಲೋರ್‌ವಾಸ್ ಮೊದಲಾದ 6ಕ್ಕೆ 2020ರ ಡಿಸೆಂಬರ್ 31ರವರೆಗೆ ಅವಧಿಯಿತ್ತು. ಇಂತಹ ಹಳೆಯ ಡಬ್ಬಿಗಳು ಅಟ್ಟದ ಮೇಲೆ ಉಳಿದಿದ್ದರೆ ಕೃಷಿ ಅಧಿಕಾರಿಗಳಿಗೆ ತಿಳಿಸಿ ವಿಲೇವಾರಿ ಮಾಡಿಸಬೇಕು. ಬೆಳೆಗೆ ಬೇಕಾದಷ್ಟನ್ನು ಮಾತ್ರ ಕೊಳ್ಳುವುದೂ, ಮಿಕ್ಕುದನ್ನು ಮನೆಯಲ್ಲಿಡದೆ ಸಹಕಾರ ಸಂಘದ ಉಗ್ರಾಣದಂತಹ ಒಂದು ಸ್ಥಳದಲ್ಲಿ ಬೇರೊಬ್ಬರ ಕಾವಲಿನಲ್ಲಿಡುವುದೂ ಯೋಗ್ಯವಾದ ಕ್ರಮ. ತಮಿಳುನಾಡಿನ ಕೆಲವು ಗ್ರಾಮಗಳಲ್ಲಿ ಇಂತಹ ಸಾಮೂಹಿಕ ಉಗ್ರಾಣವನ್ನು ನಡೆಸಿ ಅನುಕೂಲವನ್ನು ಕಂಡಿದ್ದಾರೆ.

ಯಾರಾದರೂ ವಿಷ ಸೇವಿಸಿದ್ದರೆ, ವಾಂತಿ ಮಾಡಿಸಲು ಉಪ್ಪುನೀರನ್ನಾಗಲಿ ಬೇರಾವುದನ್ನಾಗಲಿ ಕುಡಿಸಕೂಡದು. ವಿಷ ಬಿದ್ದ ಬಟ್ಟೆಯನ್ನು ತೆಗೆದು, ಮೈಯನ್ನು ನೀರಿನಿಂದ ತೊಳೆದು, ಆ ಡಬ್ಬಿಯನ್ನೂ ಜೊತೆಯಲ್ಲಿ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ಡಬ್ಬಿಯ ಮೇಲಿನ ಹೆಸರನ್ನು ನೋಡಿ ವೈದ್ಯರು ತಕ್ಕ ಮದ್ದನ್ನು ಕೊಡುವರು.

ಸಾಲ ಕೊಟ್ಟವರಿಗೆ ಒಂದು ಮಾತು

ಈ ಪತ್ರಿಕೆಯನ್ನು ಓದುವ ಜಮೀನುದಾರರಲ್ಲಿ ಇತರರಿಗೆ ಕೈಸಾಲ ಕೊಟ್ಟವರೂ ಇರುವರು. ಕೊಟ್ಟ ಹಣವನ್ನು ಕೇಳುವುದು ನ್ಯಾಯವೇ. ಆದರೆ ಸಂತೆಯಲ್ಲಿ, ಮದುವೆಯ ಚಪ್ಪರದಲ್ಲಿ, ಹೆಂಡತಿ ಮಕ್ಕಳ ಎದುರಿನಲ್ಲಿ ಕೇಳಿದರೆ ಹಣವು ಬರುವುದಿಲ್ಲ, ಮಾನವು ಹೋಗುತ್ತದೆ. ಮಾನಕ್ಕೆ ಅಂಜುವ ಮನುಷ್ಯನು ಪ್ರಾಣಕ್ಕೆ ಅಂಜುವುದಿಲ್ಲ. ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರವು 2025ರಲ್ಲಿ ಶಾಸನವನ್ನೇ ಮಾಡಿದೆ. ಬೆಳೆ ಹೋದ ವರ್ಷದಲ್ಲಿ ಕಂತು ಕಟ್ಟಿಕೊಟ್ಟು, ಯಜಮಾನರ ಮುಂದೆ ಖಾಸಗಿಯಾಗಿ ಗಡುವು ಗೊತ್ತುಮಾಡಿಕೊಳ್ಳುವುದು ಸಾಲಗಾರನಿಗೂ ಸಾಹುಕಾರನಿಗೂ ಕ್ಷೇಮಕರ.

ಕಾಯಿದೆಯ ರಕ್ಷಣೆ

ಪೋಲೀಸಿನ ಭಯದಿಂದ ಇಂತಹ ಸಂಗತಿಗಳನ್ನು ಮುಚ್ಚಿಡುವುದುಂಟು. ಈ ಭಯವು ಅನಾವಶ್ಯಕ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 115ನೆಯ ಪ್ರಕರಣದ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವನು ತೀವ್ರ ಮನೋವ್ಯಥೆಯಲ್ಲಿದ್ದನೆಂದು ಭಾವಿಸಿ, ಶಿಕ್ಷೆಗೆ ಬದಲಾಗಿ ಆರೈಕೆಯನ್ನು ಕೊಡಬೇಕು. ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 95ನೆಯ ಪ್ರಕರಣವು ನಿಷೇಧಿಸುತ್ತದೆ. ದಿಕ್ಕಿಲ್ಲದೆ ಅಲೆಯುವ ರೋಗಿಯನ್ನು 100ನೆಯ ಪ್ರಕರಣದಂತೆ ಪೋಲೀಸರು 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಠಾಣೆಯ ಬಂದೀಖಾನೆಯಲ್ಲಿ ಇಡಕೂಡದು. ಹೊಡೆದಾಟದ ಅಪಾಯವಿದ್ದರೆ ಯಜಮಾನರು 112ಕ್ಕೆ ಕರೆಮಾಡಿ ಪೋಲೀಸರ ಸಹಾಯವನ್ನು ಪಡೆಯಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೂ ಕೆಲಸವು ಮುಗಿಯಲಿಲ್ಲ. ಬಂದ ಮೊದಲ ಕೆಲವು ವಾರಗಳಲ್ಲಿ ಅಪಾಯವು ಮರಳುವುದುಂಟು. ಔಷಧವನ್ನು ವೈದ್ಯರು ಹೇಳುವವರೆಗೆ ನಿಲ್ಲಿಸದಂತೆ ನೋಡಿಕೊಳ್ಳಬೇಕು. ಅವನನ್ನು ಮೊದಲಿನಂತೆ ಹೊಲದ ಕೆಲಸಕ್ಕೂ ಊರಿನ ಹಬ್ಬಕ್ಕೂ ಕರೆಯಬೇಕು. ಪ್ರತಿ ಗ್ರಾಮದಲ್ಲಿಯೂ ಯಜಮಾನರು, ಆಶಾ ಕಾರ್ಯಕರ್ತೆ, ಶಾಲೆಯ ಉಪಾಧ್ಯಾಯರು ಹೀಗೆ ಮೂರು ನಾಲ್ಕು ಜನರು ಸೇರಿ, ಆಪತ್ತಿನ ಸಮಯದಲ್ಲಿ ಯಾರು ಜೊತೆಯಲ್ಲಿರಬೇಕು, ಯಾರು ಗಾಡಿಯನ್ನು ಒದಗಿಸಬೇಕು, ಯಾರು ಕರೆಮಾಡಬೇಕು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳುವುದು ಉತ್ತಮ. ಮಳೆ ಬಂದ ಮೇಲೆ ಕೆರೆಯ ಏರಿಯನ್ನು ಕಟ್ಟಲಾಗುವುದಿಲ್ಲ.