ಪುಷ್ಪನಾಮ ವಿಚಾರ

ನಮ್ಮ ಊರಿನ ಹೆಸರಿನಲ್ಲಿಯೇ ಒಂದು ಹೂವು ಅಡಗಿರುವುದೆಂದು ಹಿರಿಯರು ಹೇಳುವರು. ಹಿಂದಿನ ಕಾಲದಲ್ಲಿ ಈ ಸೀಮೆಯ ಹೊಲದ ಬದುಗಳಲ್ಲೆಲ್ಲ ತುಂಬೆಯ ಗಿಡಗಳು ಹೇರಳವಾಗಿ ಬೆಳೆಯುತ್ತಿದ್ದುದರಿಂದ ಇದು ತುಂಬೆಯೂರು ಎನಿಸಿಕೊಂಡು, ಜನರ ಬಾಯಲ್ಲಿ ಸವೆದು ತುಮಕೂರಾಯಿತಂತೆ. ಬೇರೆ ಕೆಲವರು ಇದನ್ನೊಪ್ಪದೆ, ತುಮುಕಿಯೆಂಬ ಸಣ್ಣ ಚರ್ಮವಾದ್ಯದಿಂದ ಈ ಹೆಸರು ಬಂದಿತೆನ್ನುವರು. ಶಬ್ದಶಾಸ್ತ್ರದ ತಕ್ಕಡಿಯಲ್ಲಿಟ್ಟು ತೂಗಿದರೆ ವಾದ್ಯದ ಪಕ್ಷವೇ ಭಾರವಾಗಿ ಕಾಣುವುದು. ಏಕೆಂದರೆ ತುಂಬೆಯಲ್ಲಿಲ್ಲದ ಕಕಾರವು ಊರಿನ ಹೆಸರಿನೊಳಕ್ಕೆ ಎಲ್ಲಿಂದ ಬಂದಿತೆಂಬುದಕ್ಕೆ ಹೂವಿನ ಪಕ್ಷದವರು ಉತ್ತರ ಹೇಳಬೇಕಾಗುವುದು. ಆದರೂ ಊರ ಜನರಿಗೆ ಪ್ರಿಯವಾದುದು ಹೂವಿನ ಕಥೆಯೇ. ಚರ್ಮವಾದ್ಯಕ್ಕಿಂತ ಹೂವಿನ ಮಕ್ಕಳೆನಿಸಿಕೊಳ್ಳಲು ಯಾರಿಗೆ ತಾನೆ ಆಸೆಯಿರದು?

ತುಂಬೆಯಾದರೋ ಬಹು ಚಿಕ್ಕ ಗಿಡ. ತುಳಸಿಯ ಕುಟುಂಬಕ್ಕೆ ಸೇರಿದ್ದು. ಅದರ ಹೂವು ಹಾಲಿನಂತೆ ಬಿಳುಪು. ಮಕ್ಕಳು ಅದನ್ನು ಮೆಲ್ಲನೆ ಕಿತ್ತು ಬುಡದಲ್ಲಿರುವ ಜೇನಿನ ತೊಟ್ಟನ್ನು ಹೀರುವರು; ನೆಗಡಿ ತಲೆನೋವುಗಳಿಗೆ ಅಜ್ಜಿಯರು ಅದರ ಸೊಪ್ಪಿನ ರಸವನ್ನು ಬಳಸುವರು. ಸಂಸ್ಕೃತದಲ್ಲಿ ಇದಕ್ಕೆ ದ್ರೋಣಪುಷ್ಪಿಯೆಂದು ಹೆಸರು. ದ್ರೋಣವೆಂದರೆ ಮರದ ಪಾತ್ರೆ. ದೇವಸ್ಥಾನಗಳಲ್ಲಿ ಪ್ರಸಾದವನ್ನು ಹಾಕಿಕೊಡುವ ನಮ್ಮ ದೊನ್ನೆಯು ಇದೇ ಮಾತಿನ ತದ್ಭವ. ಯೂರೋಪಿನ ಸಸ್ಯಶಾಸ್ತ್ರಜ್ಞರು ಇದನ್ನು ಲ್ಯೂಕಾಸ್ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಲ್ಯೂಕೋಸ್ ಎಂದರೆ ಬಿಳಿಯದು. ಹೀಗೆ ಒಬ್ಬರು ಹೂವಿನ ಆಕಾರವನ್ನೂ ಇನ್ನೊಬ್ಬರು ಅದರ ಬಣ್ಣವನ್ನೂ ನೋಡಿ ಹೆಸರಿಟ್ಟರು. ಶಿವಭಕ್ತರು ಆಕಾರವನ್ನೂ ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಬಡವನಿಗೂ ದೊರಕುವ ಈ ಹೂವು ಶಿವನಿಗೆ ಬಲು ಪ್ರಿಯವೆಂದರು.

ಇನ್ನು ಹೂವೆಂಬ ಮಾತನ್ನೇ ನೋಡುವ. ಹಳಗನ್ನಡದಲ್ಲಿ ಇದು ಪೂ. ತಮಿಳರು ಇಂದಿಗೂ ಪೂ ಎಂದೇ ಹೇಳುವರು. ಕಾಲಕ್ರಮದಲ್ಲಿ ನಮ್ಮ ನುಡಿಯ ಮೊದಲ ಪಕಾರಗಳು ಹಕಾರಗಳಾದಾಗ ಪಾಲು ಹಾಲಾಯಿತು, ಪನಿ ಹನಿಯಾಯಿತು, ಪೂ ಹೂವಾಯಿತು. ಹಾಗೆಯೇ ತಮಿಳಿನ ತಾಮರೈ ನಮ್ಮಲ್ಲಿ ತಾವರೆ. ಅವರ ಚಾಮೈ ನಮ್ಮ ಹೊಲಗಳಲ್ಲಿ ಸಾವೆ. ಸಂಸ್ಕೃತದ ತಾಮರಸವೆಂಬ ಮಾತು ಈ ದ್ರಾವಿಡ ಮೂಲದಿಂದಲೇ ಹೋದದ್ದೆಂದು ಹೇಳುವ ವಿದ್ವಾಂಸರುಂಟು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಂಡಿತರು ೧೮೯೪ರಲ್ಲಿ ಪ್ರಕಟವಾದ ತಮ್ಮ ಕನ್ನಡ ನಿಘಂಟಿನ ಪೀಠಿಕೆಯಲ್ಲಿ, ದ್ರಾವಿಡ ಭಾಷೆಗಳಿಂದ ಸಂಸ್ಕೃತವು ತೆಗೆದುಕೊಂಡಿರಬಹುದಾದ ಶಬ್ದಗಳ ಉದ್ದವಾದ ಪಟ್ಟಿಯೊಂದನ್ನು ಕೊಟ್ಟಿರುವರು. ಸಾಲವನ್ನು ನಾವೇ ತಂದೆವೆಂದು ತಿಳಿದಿದ್ದ ನಮಗೆ, ಕೊಟ್ಟದ್ದೂ ಉಂಟೆಂಬುದು ಆ ಪಟ್ಟಿಯಿಂದ ತಿಳಿಯಿತು.

ಊರಿನ ಉತ್ತರ ಭಾಗದಲ್ಲಿರುವ ಶಿರಾ ಗೇಟಿಗೆ ಆ ಹೆಸರು ಬಂದುದು ಅಲ್ಲಿಂದ ಶಿರಾಕ್ಕೆ ಹೊರಡುವ ಮಾರ್ಗದಿಂದ. ೧೬೮೭ರಲ್ಲಿ ಮೊಗಲರ ಸೈನ್ಯವು ಈ ಸೀಮೆಯನ್ನು ಹಿಡಿದ ಮೇಲೆ ಶಿರಾ ಪಟ್ಟಣವು ಒಂದು ಸುಬೆಯ ಮುಖ್ಯಸ್ಥಳವಾಯಿತು. ಕಚೇರಿಗಳಲ್ಲಿ ಫಾರಸಿಯು ನಡೆಯಿತು. ಅಲ್ಲಿನ ಖಾನ್‌ಬಾಗ್ ಎಂಬ ಉದ್ಯಾನವನ್ನು ಕಂಡೇ ಬೆಂಗಳೂರಿನ ಲಾಲ್‌ಬಾಗಿನ ಯೋಚನೆಯು ಹುಟ್ಟಿರಬಹುದೆಂದು ಹಳೆಯ ಗ್ಯಾಜೆಟಿಯರುಗಳಲ್ಲಿ ಬರೆದಿರುವುದು. ಲಾಲ್‌ಬಾಗಿಗೆ ಹೈದರಾಲಿಯು ೧೭೬೦ರಲ್ಲಿ ಆರಂಭ ಮಾಡಿದನು. ಅಂಥ ಅರಸರ ಭಾಷೆಯಿಂದ ನಮಗೆ ಬಂದ ಮಾತು ಗುಲಾಬಿ. ಫಾರಸಿಯಲ್ಲಿ ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಗುಲಾಬವು ಅಲ್ಲಿ ಹೂವಿನ ಹೆಸರಲ್ಲ, ಹೂವಿನಿಂದ ಇಳಿಸಿದ ಪರಿಮಳದ ನೀರಿನ ಹೆಸರು. ನಮ್ಮ ದೇಶಕ್ಕೆ ಬಂದ ಮೇಲೆ ನೀರಿನ ಹೆಸರು ಹೂವಿನ ಮೇಲೆ ಬಿದ್ದಿತು. ಆದುದರಿಂದ ಗುಲಾಬಿ ನೀರು ಎಂದಾಗಲೆಲ್ಲ ನಾವು ನೀರನ್ನು ಎರಡು ಸಾರಿ ಹೇಳಿದಂತಾಗುವುದು! ಮದುವೆಯ ಬಾಗಿಲಲ್ಲಿ ಚಿಮುಕಿಸುವ ಆ ನೀರಿಗೆ ನಮ್ಮದೇ ಆದ ಪನ್ನೀರು ಎಂಬ ಸೊಗಸಾದ ಮಾತಿರುವುದು. ಬೇರೆ ಅನೇಕ ಮಾತುಗಳಲ್ಲಿ ಹಕಾರವಾದ ಹಳೆಯ ಪಕಾರವು ಅದರಲ್ಲಿ ಹಾಗೆಯೇ ಉಳಿದಿರುವುದು.

ಹೆಸರುಗಳು ಹೀಗೆ ಒಂದರ ಮೇಲಿಂದ ಮತ್ತೊಂದರ ಮೇಲೆ ಜಾರುವುದು ಅಪೂರ್ವವಲ್ಲ. ಸೇವಂತೀ ಎಂದರೆ ಒಂದು ಜಾತಿಯ ಗುಲಾಬಿಯೆಂದು ಸಂಸ್ಕೃತ ನಿಘಂಟುಗಳು ಹೇಳುವವು. ನಮ್ಮ ಸೇವಂತಿಗೆಯು ಬೇರೆಯೇ ಹೂವು. ಮೆಕ್ಸಿಕೋ ದೇಶದಿಂದ ಬಂದ ಚೆಂಡುಹೂವಿಗೆ ನಮ್ಮವರು ಸಂಸ್ಕೃತವನ್ನೂ ಫಾರಸಿಯನ್ನೂ ಹುಡುಕಹೋಗದೆ, ಚೆಂಡಿನಂತಿದೆಯಾದುದರಿಂದ ಚೆಂಡುಹೂವೆಂದು ಕರೆದುಬಿಟ್ಟರು. ನಮ್ಮ ಮಟ್ಟಿಗೆ ಇದೇ ಹೆಸರಿಡುವ ಉತ್ತಮ ಮಾರ್ಗ. ಸಂಪಿಗೆಯ ಕಥೆಯು ಇನ್ನೂ ವಿನೋದವಾದುದು. ಲಿನ್ನೇಯಸ್ ಪಂಡಿತನು ಇಟಲಿಯ ಸಸ್ಯಶಾಸ್ತ್ರಜ್ಞನಾದ ಮಿಕೇಲಿಯ ನೆನಪಿಗಾಗಿ ಇದನ್ನು ಮಿಕೇಲಿಯಾ ಚಂಪಕ ಎಂದು ಕರೆದನು. ಈಚಿನ ಶಾಸ್ತ್ರಜ್ಞರು ಇದನ್ನು ಫ್ರಾನ್ಸಿನ ಮಾನ್ಯೋಲ್ ಎಂಬವನ ಹೆಸರಿನ ಮ್ಯಾಗ್ನೋಲಿಯಾ ವರ್ಗಕ್ಕೆ ಸೇರಿಸಿದರು. ಇಟಲಿಯವನು ಹೋದನು, ಫ್ರಾನ್ಸಿನವನು ಬಂದನು. ಚಂಪಕವು ಮಾತ್ರ ಕದಲಲಿಲ್ಲ.

ವಿದ್ಯಾರ್ಥಿನಿಯರೇ, ಹೂವಿನ ಹೆಸರುಗಳನ್ನು ಕಲಿಯುವುದಕ್ಕೆ ತೋಟಕ್ಕೇ ಹೋಗಬೇಕೆಂಬುದಿಲ್ಲ. ಹೆಣ್ಣುಮಕ್ಕಳ ಯಾವುದೇ ಪಾಠಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಅಲ್ಲಿ ಒಂದು ತೋಟವಿರುವುದು. ಕಮಲ, ಪದ್ಮ, ಸರೋಜ, ಅಂಬುಜ, ನೀರಜ, ಪಂಕಜ ಎಂದು ಆರು ಮಂದಿ ಎದ್ದುನಿಂತರೆ ಆರೂ ಒಂದೇ ತಾವರೆ. ಸರಸ್ಸಿನಲ್ಲಿ ಹುಟ್ಟಿದವಳು ಸರೋಜ. ಅಂಬುವಿನಲ್ಲಿ, ಎಂದರೆ ನೀರಿನಲ್ಲಿ, ಹುಟ್ಟಿದವಳು ಅಂಬುಜ. ಪಂಕಜಳೋ ಕೆಸರಿನಲ್ಲಿ ಹುಟ್ಟಿದವಳು! ಕೆಸರಿನಲ್ಲಿ ಕಪ್ಪೆಯೂ ಹುಟ್ಟುವುದು, ಜೊಂಡೂ ಹುಟ್ಟುವುದು; ಆದರೂ ಪಂಕಜವೆಂದೊಡನೆ ತಾವರೆಯೊಂದೇ ನಮ್ಮ ಮನಸ್ಸಿಗೆ ಬರುವುದು. ಶಬ್ದದ ಅರ್ಥವೂ ಲೋಕದ ರೂಢಿಯೂ ಸೇರಿ ಒಂದೇ ವಸ್ತುವನ್ನು ಹೇಳುವ ಇಂಥ ಪದಕ್ಕೆ ಯೋಗರೂಢವೆಂದು ಹೆಸರು. ಶಾಸ್ತ್ರಿಗಳು ಇದಕ್ಕೆ ಮೊದಲು ಕೊಡುವ ಉದಾಹರಣೆಯೇ ಪಂಕಜ.

ಅದೇ ಪುಸ್ತಕದಲ್ಲಿ ಸುಸನ್ನಳೆಂಬ ಹೆಸರಿರಬಹುದು. ಕರ್ತನಿಗೂ ಶಿಷ್ಯರಿಗೂ ತನ್ನ ಆಸ್ತಿಯಿಂದ ಉಪಚಾರ ಮಾಡಿದ ಸ್ತ್ರೀಯರಲ್ಲಿ ಒಬ್ಬಳಾಗಿ ಈಕೆಯು ಲೂಕನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಕಾಣಿಸಿಕೊಳ್ಳುವಳು. ಇಬ್ರಿಯ ಭಾಷೆಯ ಶೋಶನ್ನಾ ಎಂಬುದು ಈ ಹೆಸರಿನ ಮೂಲ. ಅದನ್ನು ನೈದಿಲೆಯ ಜಾತಿಯ ನೀರುಹೂವಿಗೆ ಐಗುಪ್ತದವರಿಟ್ಟಿದ್ದ ಹೆಸರಿನಿಂದ ಬಂದುದೆಂದು ಪಂಡಿತರು ಎಣಿಸುವರು. ಹಾಗಾದರೆ ಕಮಲೆಯೂ ಸುಸನ್ನಳೂ ಹತ್ತಿರದ ಅಕ್ಕತಂಗಿಯರಾದರು. ಎಸ್ತೇರಳಿಗೆ ತಂದೆತಾಯಿಗಳ ಮನೆಯ ಹೆಸರು ಹದಸ್ಸಾ. ಅದು ಬಿಳಿಯ ಹೂ ಬಿಡುವ ಸುಗಂಧದ ಗಿಡವೊಂದರ ಹೆಸರು. ರೋದೆಯೆಂದರೆ ಗ್ರೀಕಿನಲ್ಲಿ ಗುಲಾಬಿ. ಸೆರೆಯಿಂದ ಬಿಡುಗಡೆಯಾದ ಪೇತ್ರನು ರಾತ್ರಿಯಲ್ಲಿ ಬಂದು ಕದ ತಟ್ಟಿದಾಗ, ಧ್ವನಿಯನ್ನು ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಕ್ಕೆ ಓಡಿದ ಹುಡುಗಿಯೇ ಆ ರೋದೆ. ಮನೆಯವರು ಆಕೆಗೆ ಹುಚ್ಚೆಂದರು. ನಿಜ ಹೇಳಿದವಳು ಆಕೆಯೇ.

ಯಾಸ್ಮೀನಳ ಹೆಸರು ಫಾರಸಿಯದು. ಇಂಗ್ಲಿಷಿನ ಜಾಸ್ಮಿನ್ ಅದರಿಂದಲೇ ಹುಟ್ಟಿತು. ಆಕೆಯ ಪಕ್ಕದಲ್ಲಿ ಮಲ್ಲಿಕೆಯು ಕುಳಿತಿದ್ದರೆ ಇಬ್ಬರೂ ಮಲ್ಲಿಗೆಯರೇ. ಆದರೆ ಎಲ್ಲಕ್ಕಿಂತ ದೂರ ನಡೆದ ಹೆಸರು ನೀಲೋಫರ್. ಸಂಸ್ಕೃತದ ನೀಲೋತ್ಪಲವು, ಎಂದರೆ ನಮ್ಮ ಕನ್ನೈದಿಲೆಯು, ಪಶ್ಚಿಮಕ್ಕೆ ಹೋಗಿ ಪಾರಸಿಕರ ಬಾಯಲ್ಲಿ ನೀಲೂಫರ್ ಆಯಿತು. ಅರಬರ ಕೈಗೆ ಸೇರಿ ಯೂರೋಪಿನ ಸಸ್ಯಶಾಸ್ತ್ರದಲ್ಲಿ ನುಫರ್ ಎಂಬ ನೀರುಗಿಡದ ಹೆಸರಾಯಿತು. ಮುಸಲ್ಮಾನ ಮನೆಗಳ ಹೆಣ್ಣುಮಕ್ಕಳ ಹೆಸರಾಗಿ ತಾನು ಹೊರಟ ದೇಶಕ್ಕೇ ಹಿಂತಿರುಗಿ ಬಂದಿತು. ಇಂಥ ಹೆಸರನ್ನು ಪರದೇಶದ್ದೆಂದು ಯಾರಾದರೂ ಹೇಳಿದರೆ ಅವರಿಗೆ ನೈದಿಲೆಯ ಕೆರೆಯನ್ನು ತೋರಿಸಬೇಕು.

ಹೆಸರಿನ ಮಾತು ಇಷ್ಟಿರಲಿ. ಸಂಕೇತಾರ್ಥದ ಮಾತಿಗೆ ಬರೋಣ. ಹೂವುಗಳಿಗೆ ಅರ್ಥವು ಹುಟ್ಟಿನಿಂದಲೇ ಇರುವುದೆಂದು ಅನೇಕರು ತಿಳಿದಿರುವರು. ಕೇದಗೆಯನ್ನು ನೋಡಿರಿ: ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿತೆಂಬ ಪುರಾಣದ ಕಥೆಯಿಂದ ಅದು ಶಿವಪೂಜೆಗೆ ಸಲ್ಲದಾಯಿತು, ಅದೇ ಕೇದಗೆಯು ಹುಡುಗಿಯ ಜಡೆಗೆ ಶ್ರೇಷ್ಠವಾದ ಅಲಂಕಾರ. ೧೮೧೯ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲೊಟ್ ದ ಲತೂರ್ ಎಂಬ ಹೆಸರಿನಿಂದ ಹೂವುಗಳ ಭಾಷೆಯನ್ನು ಕುರಿತ ಪುಸ್ತಕವೊಂದು ಹೊರಟಿತು. ೧೮೮೪ರಲ್ಲಿ ಇಂಗ್ಲೆಂಡಿನ ಕೇಟ್ ಗ್ರೀನವೇ ಎಂಬ ಚಿತ್ರಗಾರ್ತಿಯು ಅಂಥದೇ ಇನ್ನೊಂದನ್ನು ತಂದಳು. ಈ ಬಗೆಯ ಪಟ್ಟಿಗಳಲ್ಲಿ ಲಿಲ್ಲಿಯು ಶುದ್ಧತೆಗೂ ನೇರಿಳೆ ಬಣ್ಣದ ವಯೊಲೆಟ್ಟು ವಿನಯಕ್ಕೂ ಗುರುತು. ಕೇಟ್ ಗ್ರೀನವೇಯ ಪಟ್ಟಿಯಲ್ಲಿ ಮ್ಯಾರಿಗೋಲ್ಡಿನ ಅರ್ಥವು ದುಃಖ! ಅದೇ ಇಂಗ್ಲಿಷ್ ಹೆಸರಿನ ಚೆಂಡುಹೂವು ಆಯುಧಪೂಜೆಯ ದಿನ ನಮ್ಮ ಬಸ್ಸು ಲಾರಿಗಳ ಮೂತಿಯಲ್ಲಿ ತೂಗಾಡುವುದನ್ನು ಆಕೆಯು ಕಂಡಿದ್ದರೆ ಏನೆನ್ನುತ್ತಿದ್ದಳೋ.

ಒಂದೇ ಹೂವಿನಲ್ಲಿ ಎರಡು ಗ್ರಂಥಗಳನ್ನು ಓದಿದ ಉದಾಹರಣೆಯೂ ಇರುವುದು. ದಕ್ಷಿಣ ಅಮೆರಿಕದಲ್ಲಿ ಬೋಧಿಸುತ್ತಿದ್ದ ಸ್ಪೇನಿನ ಮಿಶನೆರಿಗಳು ಅಲ್ಲಿನ ಬಳ್ಳಿಯೊಂದರ ಹೂವಿನಲ್ಲಿ ಕರ್ತನ ಶ್ರಮೆಯನ್ನು ಕಂಡರು. ಸುತ್ತಲಿನ ಎಳೆಗಳು ಮುಳ್ಳಿನ ಕಿರೀಟ; ಐದು ಕೇಸರಗಳು ಐದು ಗಾಯಗಳು; ಮೇಲಿನ ಮೂರು ಕವಲುಗಳು ಮೂರು ಮೊಳೆಗಳು; ಹತ್ತು ದಳಗಳು, ಯೂದನನ್ನೂ ಪೇತ್ರನನ್ನೂ ಬಿಟ್ಟು ಉಳಿದ ಹತ್ತು ಮಂದಿ ಶಿಷ್ಯರು. ಇದೇ ಬಳ್ಳಿಯು ನಮ್ಮ ದೇಶಕ್ಕೆ ಬಂದು ಅಂಗಳದ ಚಪ್ಪರವನ್ನು ಹತ್ತಿದಾಗ ನಮ್ಮವರು ಅದನ್ನು ಕೃಷ್ಣಕಮಲವೆಂದರು, ಕೌರವಪಾಂಡವರ ಹೂವೆಂದರು: ಸುತ್ತಲಿನ ಎಳೆಗಳು ನೂರು ಮಂದಿ ಕೌರವರು, ಐದು ಕೇಸರಗಳು ಪಾಂಡವರು, ನಡುವೆ ಕೃಷ್ಣ. ಹೂವು ಮಾತ್ರ ಒಂದೇ.

ಅರ್ಥವನ್ನು ಇಡುವವರು ನಾವೇ ಎಂಬುದು ಇಷ್ಟರಿಂದ ತಿಳಿಯಿತಷ್ಟೆ. ಇದು ಬರಿಯ ವಿನೋದವಾಗಿದ್ದರೆ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ನಮ್ಮ ನಾಡಿನಲ್ಲಿ ಹೂವಿಗೆ ಇಟ್ಟ ಒಂದು ಅರ್ಥವು ಬಹು ಕಠಿಣವಾದುದು. ಅರಿಸಿನ, ಕುಂಕುಮ, ಬಳೆ, ತಾಳಿಗಳ ಸಂಗಡ ಹೂವನ್ನೂ ಮುತ್ತೈದೆತನದ ಗುರುತಾಗಿ ಎಣಿಸಿ, ಗಂಡನು ಸತ್ತ ಹೆಂಗಸಿನ ತಲೆಯಿಂದ ಅದನ್ನು ತೆಗೆದರು. ತಾಳಿಯನ್ನು ಗಂಡನು ಕಟ್ಟಿದನು, ನಿಜ. ಹೂವನ್ನು ಮೊದಲು ಮುಡಿಸಿದವಳು ತಾಯಿ. ಕೂಸಿಗೆ ಕೂದಲು ಬಂದ ದಿನದಿಂದ ಮುಡಿಸಿದಳು. ಗಂಡನು ಕೊಡದ ವಸ್ತುವು ಗಂಡನೊಡನೆ ಏಕೆ ಹೋಗಬೇಕೆಂಬ ಪ್ರಶ್ನೆಗೆ ಸಮಂಜಸವಾದ ಉತ್ತರವನ್ನು ನಾವು ಎಲ್ಲಿಯೂ ಕಾಣೆವು. ಮದುವೆಯೆಂದರೇನೆಂದು ಅರಿಯದ ಬಾಲೆಯರಿಗೂ ಈ ನಿಯಮವು ತಪ್ಪುತ್ತಿರಲಿಲ್ಲ. ಮೈಸೂರು ಸಂಸ್ಥಾನದವರು ೧೮೯೪ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ಕಾಯಿದೆಯಿಂದ ನಿಷೇಧಿಸಿದರು. ಅದಕ್ಕೆ ಐದು ವರ್ಷ ಮುಂಚೆ, ೧೮೮೯ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಬೊಂಬಾಯಿಯಲ್ಲಿ ಶಾರದಾಸದನವನ್ನು ತೆರೆದು, ಇಂಥ ಹುಡುಗಿಯರ ಕೈಗೆ ಪುಸ್ತಕವನ್ನು ಕೊಟ್ಟರು. ಆಕೆಯೂ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದವರು.

ಕಾಯಿದೆಯು ಮದುವೆಯ ವಯಸ್ಸನ್ನು ತಿದ್ದಿತು. ಹೂವಿನ ಅರ್ಥವನ್ನು ತಿದ್ದುವುದು ಮನೆಯವರ ಕೈಯಲ್ಲೇ ಉಳಿಯಿತು. ಅಂತರಸನಹಳ್ಳಿಯ ಮಾರುಕಟ್ಟೆಯಿಂದ ಹೂವನ್ನು ತಂದು ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವ ಹೂವಾಡಗಿತ್ತಿಯು, ಕೊಳ್ಳುವವಳ ಕುತ್ತಿಗೆಯನ್ನು ನೋಡಿ ಅಳೆಯುವುದಿಲ್ಲ. ಶುಭಕಾರ್ಯದ ಮನೆಗಳಲ್ಲಿ ಹೂವಿನ ತಟ್ಟೆಯು ಸಾಲಿನಲ್ಲಿ ಬರುತ್ತ, ಒಬ್ಬಾಕೆಯ ಮುಂದೆ ಮಾತ್ರ ನಿಲ್ಲದೆ ಮುಂದಕ್ಕೆ ಹೋಗುವುದನ್ನು ನಾವು ಕಂಡಿರುವೆವು. ತಟ್ಟೆಯನ್ನು ಹಿಡಿದ ಮೊಮ್ಮಗಳು ಅಲ್ಲಿಯೇ ನಿಂತು, ಮಲ್ಲಿಗೆಯ ತುಂಡೊಂದನ್ನು ಅಜ್ಜಿಯ ನರೆಗೂದಲಿಗೆ ಸಿಕ್ಕಿಸಿದುದನ್ನೂ ಕಂಡಿರುವೆವು. ಅಜ್ಜಿಯು ಬೇಡವೆಂದು ಕೈಯೆತ್ತಿದಳು. ಆದರೆ ಹೂವನ್ನು ತೆಗೆಯಲಿಲ್ಲ.