ತೆಪ್ಪ ಹತ್ತುವ ಮೊದಲು ಜಾಕೆಟ್ ತೊಡಿ

ಗಣೇಶನನ್ನು ಕೂರಿಸುವ ಹುಡುಗರಿಗೆ ಮೊದಲು ಈ ಮಾತು. ಪೆಂಡಾಲಿಗೆ ಇಷ್ಟು, ತಮಟೆಯವರಿಗೆ ಇಷ್ಟು, ಪಟಾಕಿಗೆ ಇಷ್ಟು ಎಂದು ಚಂದಾ ಲೆಕ್ಕ ಬರೆಯುತ್ತೀರಲ್ಲ, ಅದರಲ್ಲಿ ಲೈಫ್ ಜಾಕೆಟ್ ಅಂತ ಒಂದು ಸಾಲು ಸೇರಿಸಿ. ಮೂರ್ತಿಯ ಜೊತೆ ತೆಪ್ಪ ಹತ್ತುವವರು ಎಷ್ಟು ಮಂದಿಯೋ ಅಷ್ಟು ಜಾಕೆಟ್ ಬೇಕು. ಒಂದೂ ಕಡಿಮೆಯಾಗಬಾರದು.

2019ರ ಸೆಪ್ಟೆಂಬರ್ 13ರಂದು ಭೋಪಾಲದ ಖಟ್ಲಾಪುರ ಘಾಟಿನಲ್ಲಿ ಎರಡು ದೋಣಿ ಜೋಡಿಸಿ ದೊಡ್ಡ ಗಣೇಶನನ್ನು ವಿಸರ್ಜನೆಗೆ ಒಯ್ದಿದ್ದರು. ಮೂರ್ತಿ ಇಳಿಸುವಾಗ ಭಾರವೆಲ್ಲ ಒಂದು ಕಡೆಗೆ ವಾಲಿ ದೋಣಿ ಮಗುಚಿತು. 11 ಜನ ಸತ್ತರು, ಹೆಚ್ಚಿನವರು ನಿಮ್ಮದೇ ವಯಸ್ಸಿನವರು. ಯಾರ ಮೈಮೇಲೂ ಜಾಕೆಟ್ ಇರಲಿಲ್ಲ. ಊರೊಳಗಿನ ಕೆರೆ ಅದು, ದಡ ಕಣ್ಣಿಗೆ ಕಾಣುವಷ್ಟು ಹತ್ತಿರ.

ನಮ್ಮ ಸೀಮೆಗೆ ಈ ಮಾತು ಯಾಕೆ ಹೆಚ್ಚು ಬೇಕು ಅಂದರೆ, ನಮಗೆ ನೀರಿನ ಅಭ್ಯಾಸ ತಪ್ಪಿಹೋಗಿದೆ. ಜೀವನದಿ ಇಲ್ಲದ ಜಿಲ್ಲೆ ನಮ್ಮ ಚಿಕ್ಕಬಳ್ಳಾಪುರ. ಉತ್ತರ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ವರ್ಷದ ಬಹುಪಾಲು ಬರೀ ಮರಳು. ಹಿಂದೆ ತೋಟದ ಬಾವಿಗಳಲ್ಲಿ ನೀರಿತ್ತು. ಮಕ್ಕಳ ನಡುವಿಗೆ ಸೋರೆಬುರುಡೆಯೋ ಒಣಗಿದ ಬೆಂಡೋ ಕಟ್ಟಿ, ಹಗ್ಗ ಹಿಡಿದು ಈಜು ಕಲಿಸುತ್ತಿದ್ದರು. ಬಾವಿ ಬತ್ತಿ ಕೊಳವೆಬಾವಿ ಬಂತು, ಈಜು ಕಲಿಯುವ ಜಾಗವೇ ಇಲ್ಲವಾಯಿತು. ಅಷ್ಟರಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಕಂದವಾರ ಕೆರೆಗೆ ಬಂದು, ಅಲ್ಲಿಂದ ಬೇರೆ ಕೆರೆಗಳಿಗೂ ಹರಿಯಿತು. 2021ರ ಮಳೆಗೆ ಎಷ್ಟೋ ವರ್ಷಗಳ ಮೇಲೆ ಕೋಡಿಗಳು ಹರಿದವು. ಕೆರೆ ತುಂಬಿದ್ದು ನಮ್ಮೆಲ್ಲರ ಭಾಗ್ಯ. ಆದರೆ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ಹುಡುಗರಿಗೆ ನೀರು ಹೊಸದು. ಒಣಗಿದ್ದಾಗ ಮಣ್ಣಿಗಾಗಿ ಜೆಸಿಬಿ ತೋಡಿದ ಗುಂಡಿಗಳೂ ಜಾಲಿಯ ಪೊದೆಗಳೂ ಈಗ ನೀರಿನ ಅಡಿಯಲ್ಲಿವೆ. ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಎರಡಾಳು ಆಗಬಹುದು. ಈಜು ಬಲ್ಲವನೂ ಅಲ್ಲಿ ಗಾಬರಿಯಾಗುತ್ತಾನೆ.

ಕೆರೆಯ ಮೀನು ಹಿಡಿಯುವ ಅಣ್ಣಂದಿರೇ, ನಿಮಗೆ ನೀರು ಗೊತ್ತು, ನಿಜ. ಆದರೂ ಥರ್ಮಾಕೋಲಿನ ತೆಪ್ಪದ ಮೇಲೆ, ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಒಬ್ಬರೇ ಕೂತು ಕತ್ತಲಲ್ಲಿ ಬಲೆ ಬಿಡುವವರು ನೀವು. ಬಲೆ ಕಾಲಿಗೆ ಸುತ್ತಿಕೊಂಡರೆ ಈಜು ಬಂದೂ ಉಪಯೋಗವಿಲ್ಲ. ಟ್ಯೂಬು ಕೈ ಜಾರಿದರೆ ಗಾಳಿಗೆ ದೂರ ಹೋಗುತ್ತದೆ, ಜಾಕೆಟ್ ಮೈಬಿಟ್ಟು ಹೋಗುವುದಿಲ್ಲ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ, ಜೊತೆಗೊಂದು ಟಾರ್ಚು ಇರಲಿ. ನೀರು ಕುಡಿದವನಿಗೆ ಕೂಗಲು ಉಸಿರು ಉಳಿದಿರುವುದಿಲ್ಲ, ಸೀಟಿಗೆ ಸಣ್ಣ ಉಸಿರು ಸಾಕು. ದಡದಲ್ಲಿ ಇನ್ನೊಂದು ವಸ್ತು ಇಡಿ: ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಗೆ ಉದ್ದನೆಯ ಹಗ್ಗ ಕಟ್ಟಿದ್ದು. ಮುಳುಗುತ್ತಿರುವವನ ಕಡೆ ಅದನ್ನು ಎಸೆದು ಎಳೆಯಬಹುದು. ಈಜು ಬಾರದವರು ಕಾಪಾಡಲು ಹಾರಿದರೆ ಒಂದು ಹೆಣ ಎರಡಾಗುತ್ತದೆ; ಕೃಷಿಹೊಂಡಗಳಲ್ಲಿ ಆಗುತ್ತಿರುವುದೂ ಇದೇ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದವನು ಹತ್ತಲಾರ. ಅಲ್ಲಿಯೂ ಒಂದು ಹಗ್ಗ, ಒಂದು ಕ್ಯಾನು ಇರಲಿ.

ಜಾಕೆಟ್ ಮಾಡುವುದೇನು ಅಂತ ಕೇಳಿದರೆ, ನಮ್ಮ ದೇಹ ಬಹುಪಾಲು ತಾನೇ ತೇಲುತ್ತದೆ. ತಲೆ ನೀರಿನ ಮೇಲೆ ನಿಲ್ಲಲು ದೊಡ್ಡವರಿಗೆ 3ರಿಂದ 5 ಕೆ.ಜಿ.ಯಷ್ಟು ಎತ್ತುವ ಬಲ ಸಿಕ್ಕರೆ ಸಾಕು. ಅಷ್ಟನ್ನೇ ಅದು ಕೊಡುತ್ತದೆ. ಒಳ್ಳೆಯ ಜಾಕೆಟ್ಟಿನ ಒಳಗೆ ನ್ಯೂಟನ್ ಲೆಕ್ಕದಲ್ಲಿ 50, 100, 150 ಎಂದು ಬರೆದಿರುತ್ತದೆ. 50 ಈಜು ಬಲ್ಲವರಿಗೆ ಮಾತ್ರ. ಈಜು ಬಾರದವರು 100 ಇಲ್ಲವೇ ಅದಕ್ಕೂ ಮೇಲಿನದನ್ನು ತೊಡಬೇಕು. ಮುಖವನ್ನು ಮೇಲಕ್ಕೆ ತಿರುಗಿಸಿಡುವಂತೆ ಅದನ್ನು ಮಾಡಿರುತ್ತಾರೆ. ತೊಟ್ಟ ಮೇಲೆ ಇನ್ನೊಬ್ಬರು ಎರಡು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ, ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ಮನುಷ್ಯ ಕೆಳಗೆ. ಎಲ್ಲ ಬಕಲ್ಲೂ ಹಾಕಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ತೊಡೆಸಂದಿನ ಪಟ್ಟಿಯೂ ಇರಬೇಕು. ಫೋಟೋಗೆಂದು ಬಿಚ್ಚಬೇಡಿ, ಬಿಸಿಲು ಅಂತ ಪಕ್ಕಕ್ಕಿಡಬೇಡಿ. ಕೆಳಗೆ ಹಾಕಿಕೊಂಡು ಕೂತರೂ ಒಳಗಿನ ಫೋಮ್ ಅಪ್ಪಚ್ಚಿಯಾಗಿ ತೇಲುವ ಶಕ್ತಿ ಹೋಗುತ್ತದೆ.

ಜಾಕೆಟ್ ಕೊಡುವುದು ದೋಣಿಯವನ ದಯೆ ಅಂತ ತಿಳಿಯಬೇಡಿ. ಒಳನಾಡಿನ ಹಡಗು, ದೋಣಿಗಳಿಗೆ 2021ರಲ್ಲಿ ಬಂದ ಕೇಂದ್ರದ ಕಾಯ್ದೆ ಎಂಜಿನ್ ಇಲ್ಲದ ದೋಣಿಗಳನ್ನೂ ಬಿಟ್ಟಿಲ್ಲ. ಅವುಗಳ ನೋಂದಣಿ, ತಿಳಿವಳಿಕೆಯ ಕೆಲಸವನ್ನು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಗೆಂದೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು ಬೇಸಿಗೆಯಲ್ಲಿ ಕಯಾಕ್ ಹತ್ತುವಾಗ, ಅಲ್ಲಿನ ಕೇಂದ್ರ ನಿಯಮದಂತೆ ತಲೆಗೊಂದು ಸರಿಯಳತೆಯ ಜಾಕೆಟ್, ಸದ್ದು ಮಾಡಲು ಸೀಟಿಯಂಥದೊಂದು, ಕತ್ತಲಾದರೆ ದೀಪ ಇರಲೇಬೇಕು. 13 ವರ್ಷದೊಳಗಿನವರು ಜಾಕೆಟ್ ತೊಟ್ಟೇ ಕೂರಬೇಕು. ಅಲ್ಲಿನ ಈಚಿನ ವರ್ಷಗಳ ವರದಿಗಳ ಪ್ರಕಾರ, ದೋಣಿ ಅವಘಡಗಳಲ್ಲಿ ಮುಳುಗಿ ಸತ್ತವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ.

ಕೊನೆಯದಾಗಿ, ಪ್ರವಾಸ ಹೋಗುವವರಿಗೆ. ದಾಂಡೇಲಿಯ ಕಾಳಿ, ಹೊನ್ನಾವರದ ಕಾಂಡ್ಲಾ, ಹೊಗೇನಕಲ್ಲಿನ ಹರಿಗೋಲು ಅಂತ ಚಿಂತಾಮಣಿಯಿಂದ, ಶಿಡ್ಲಘಟ್ಟದಿಂದ, ಗೌರಿಬಿದನೂರಿನಿಂದ ಟಿಟಿ ಮಾಡಿಕೊಂಡು ಹೋಗುತ್ತೀರಿ. ಸಂತೋಷವಾಗಿ ಹೋಗಿಬನ್ನಿ. ಆದರೆ ಹೀಗೆ ನೀರಿನ ಹತ್ತಿರ ಹೋದವರಿಗೆ ಏನಾಗಿದೆ ಅಂತಲೂ ನೆನಪಿರಲಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ಹೋದರು. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಅದೇ ವರ್ಷದ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಹೆಚ್ಚು ಜನ ತುಂಬಿದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬಹಳಷ್ಟು ಮಕ್ಕಳಿಗೆ ಜಾಕೆಟ್ ಕೊಟ್ಟಿರಲಿಲ್ಲ.

ಮೇಷ್ಟ್ರೇ, ಮೇಡಂ, ಮಕ್ಕಳನ್ನು ದೋಣಿಗೆ ಹತ್ತಿಸುವ ಮೊದಲು ತಲೆ ಎಣಿಸಿ, ಜಾಕೆಟ್ಟನ್ನೂ ಎಣಿಸಿ. ಲೆಕ್ಕ ಸರಿಯಾಗದಿದ್ದರೆ ಹತ್ತಿಸಬೇಡಿ. ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ಮಕ್ಕಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.