ಕೋರಿ ಸಾಕುವ ಮುನ್ನ

ತೊಟ್ಟಿ ತಂದ ದಿನವೇ ಮೀನು ಬಿಡಲು ಹೊರಟೆಯಾ, ಮರಿ? ಸ್ವಲ್ಪ ತಾಳು. ನಿನ್ನ ಉಮೇದು ನನಗೆ ಇಷ್ಟ, ಈ ಅವಸರ ಮಾತ್ರ ಬೇಡ.

ತಳದಲ್ಲಿ ಓಡಾಡುವ ಆ ಪುಟ್ಟ ಮೀಸೆ ಮೀನು, ಕೋರಿಡೋರಾಸ್, ಸಾಧು ಪ್ರಾಣಿ. ಯಾರ ತಂಟೆಗೂ ಹೋಗುವುದಿಲ್ಲ. ಅಂಗಡಿಯವನು "ಇದು ಕೊಳೆ ತಿನ್ನುತ್ತೆ, ಒಂದು ಬಿಟ್ರೆ ಸಾಕು" ಅಂತಾನೆ. ಆ ಮಾತಲ್ಲಿ ಎರಡು ಸುಳ್ಳಿವೆ. ಕೋರಿ ಕಸ ಗುಡಿಸುವ ಆಳಲ್ಲ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಮರಳು ಕೆದಕಿ ಹುಳು ಹುಡುಕಿ ತಿನ್ನುವ ಜೀವ ಅದು. ಮೇಲಿನ ಮೀನುಗಳ ಎಂಜಲನ್ನೇ ನಂಬಿದರೆ ಹೊಟ್ಟೆ ಬೆನ್ನಿಗೆ ಹತ್ತಿ ಸಾಯುತ್ತದೆ. ತಳಕ್ಕೆ ಮುಳುಗುವ ಗುಳಿಗೆಯನ್ನು ಅದಕ್ಕೆಂದೇ ಹಾಕು. ದೀಪ ಆರಿಸಿದ ಮೇಲೆ ಹಾಕಿದರೆ ಬೇರೆ ಮೀನುಗಳು ಕಸಿಯುವುದು ಕಡಿಮೆ.

ಇನ್ನು ಒಂದು ಸಾಕು ಅನ್ನೋದು. ಒಂಟಿ ಕೋರಿಯನ್ನು ನೋಡಿದ್ದೀಯಾ? ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಹಾಗೆ ಮೂಲೆ ಸೇರಿರುತ್ತದೆ. ಒಂದೇ ಬಗೆಯವು ಆರಾದರೂ ಇರಲಿ, ಆಗ ಅವುಗಳ ಸ್ವಭಾವ ತಿಳಿಯುತ್ತದೆ. ಒಟ್ಟಿಗೆ ಮೇಯುತ್ತವೆ, ಒಟ್ಟಿಗೆ ಮಲಗುತ್ತವೆ. ಕಣ್ಣುಗುಡ್ಡೆ ಕೆಳಕ್ಕೆ ಹೊರಳಿಸಿದಾಗ ನಿನಗೇ ಕಣ್ಣು ಹೊಡೆದಂತೆ ಕಾಣುತ್ತದೆ! ಒಮ್ಮೊಮ್ಮೆ ಬಾಣದಂತೆ ಮೇಲೇರಿ ಗಾಳಿ ನುಂಗಿ ಬರುತ್ತವೆ. ಹೆದರಬೇಡ, ಅವು ಕರುಳಿನಿಂದಲೂ ಉಸಿರಾಡುತ್ತವೆ. ಅದಕ್ಕೇ ನೀರಿಗೂ ಮುಚ್ಚಳಕ್ಕೂ ನಡುವೆ ಜಾಗ ಬಿಡು. ಆದರೆ ಎಲ್ಲವೂ ಪದೇ ಪದೇ ಮೇಲೇರುತ್ತಿದ್ದರೆ ನೀರು ಕೆಟ್ಟಿರಬಹುದು, ಕೂಡಲೇ ಪರೀಕ್ಷಿಸು.

ತಳಕ್ಕೆ ನುಣುಪು ಮರಳೇ ಬೇಕು. ಬಣ್ಣದ ಚೂಪುಕಲ್ಲು ನಿನ್ನ ಕಣ್ಣಿಗೆ ಚೆಂದ, ಕೋರಿಯ ಮೀಸೆಗೆ ಗರಗಸ. ಆ ಮೀಸೆಯಿಂದಲೇ ಅದು ಊಟ ಹುಡುಕಬೇಕು. ಕೊಳೆ ಕಟ್ಟಿದ ತಳವೂ ಮೀಸೆಯನ್ನು ತಿಂದುಹಾಕುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸು. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ಸುರಿಯಬೇಡ. ಉಪ್ಪು, ಔಷಧಿ ಅಂತ ಕೈಗೆ ಸಿಕ್ಕಿದ್ದೆಲ್ಲ ಹಾಕಬೇಡ, ಇವು ತಡೆದುಕೊಳ್ಳುವುದಿಲ್ಲ. ನೀರು 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚಿನ ಕೋರಿಗಳಿಗೆ ಹಿತ. ಕಲಬುರಗಿಯಂಥ ಬಿಸಿಲೂರಿನಲ್ಲಿದ್ದರೆ ಶಾಖ ತಾಳುವ ಸ್ಟರ್ಬಾಯ್ ಬಗೆಯನ್ನೇ ನೋಡು.

ಮೀನು ಬಿಡುವ ಮುನ್ನ ಫಿಲ್ಟರ್ ಕೆಲವು ವಾರ ನಡೆಯಲಿ. ಮೀನು ಹೊರಬಿಡುವ ಅಮೋನಿಯ ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅಲ್ಲಿ ನೆಲೆ ನಿಲ್ಲಬೇಕು. ಇದು ದುಡ್ಡು ಕೊಟ್ಟರೆ ಬೇಗ ಆಗುವ ಕೆಲಸವಲ್ಲ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷವೂ ಬಾಳುತ್ತದೆ. ನೀನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ತನಕ ಇರುವ ಜೀವಕ್ಕೆ ಕೆಲವು ವಾರ ಕಾಯಲಾರೆಯಾ?

ಕೊಳ್ಳುವಾಗ ಮೀಸೆ ಪೂರ್ತಿಯಿದೆಯೇ, ಹೊಟ್ಟೆ ಗುಂಡಗಿದೆಯೇ ನೋಡು. ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿಕೊಡಲು ಹೇಳು. ಅಂಗಡಿಯವನು ಗೊಣಗಿದರೆ ನನಗೆ ಫೋನು ಮಾಡು, ನಾನು ಮಾತಾಡುತ್ತೇನೆ.